ಹಳೇ ನಾಸ್ ಡಬ್ಬ: ಮೊದಲು ಲೇಬಲ್ ಓದಿ

ಮನೇಲಿ ರೂಟರ್ ಪಕ್ಕ ವರ್ಷಗಳಿಂದ ಗುಂಯ್ ಅಂತ ಓಡ್ತಿರೋ ಸ್ಟೋರೇಜ್ ಡಬ್ಬ, ಅಂದ್ರೆ ನಾಸ್, ಇದ್ಯಾ? ಫರ್ಮ್‌ವೇರ್ ಹುಡುಕೋ ಮೊದಲು ಅದನ್ನ ಶಟ್‌ಡೌನ್ ಮಾಡಿ, ತಿರುಗಿಸಿ, ಲೇಬಲ್ ಓದಿ.

ಮಾಡೆಲ್ ನಂಬರ್ ಒಂದೇ ಸಾಲಲ್ಲ. ಡಿ-ಲಿಂಕ್ ಡಿಎನ್‌ಎಸ್-320 ತಗೊಳ್ಳಿ: ಹಾರ್ಡ್‌ವೇರ್ ವರ್ಷನ್ ಎ ಆದ್ರೆ ಒಂದು ಫರ್ಮ್‌ವೇರ್, ಬಿ ಆದ್ರೆ ಬೇರೆ. ತಪ್ಪಿದ್ದು ಹಾಕಿದ್ರೆ ಡಬ್ಬ ಮತ್ತೆ ಏಳದೇ ಇರಬಹುದು. ಲೇಬಲ್ ಮೇಲಿನ ಫರ್ಮ್‌ವೇರ್ ನಂಬರ್ ಮಾತ್ರ ನಂಬಬೇಡಿ, ಅದು ಫ್ಯಾಕ್ಟರಿ ಬಿಟ್ಟಾಗಿನದು. ಈಗಿನದು ಬ್ರೌಸರ್‌ನಲ್ಲಿ ತೆರೆಯೋ ಸೆಟ್ಟಿಂಗ್ಸ್ ಪುಟದಲ್ಲಿರುತ್ತೆ. ಫೈಲ್‌ಗಳನ್ನ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಯೇ ಅಪ್‌ಡೇಟ್‌ಗೆ ಕೈಹಾಕಿ. ಕರೆಂಟ್ ಕೈಕೊಡೋ ಊರಾದ್ರೆ ಯುಪಿಎಸ್ ಇರಲಿ.

ಆದ್ರೆ ಕೊನೇ ಫರ್ಮ್‌ವೇರ್ ಇದ್ರೂ ನೆಮ್ಮದಿ ಇಲ್ಲ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್‌ಗೆ ಅಪ್‌ಡೇಟ್ 2015ಕ್ಕೇ ನಿಂತಿತ್ತು. 2021ರ ಜೂನ್‌ನಲ್ಲಿ ಹ್ಯಾಕರ್‌ಗಳು ಇಂಟರ್ನೆಟ್‌ನಿಂದಲೇ ಅವನ್ನ ಫ್ಯಾಕ್ಟರಿ ರೀಸೆಟ್ ಮಾಡಿದ್ರು, ಜನರ ಫೋಟೋಗಳೆಲ್ಲಾ ಹೋದವು. 2024ರಲ್ಲಿ ಡಿಎನ್‌ಎಸ್-320ಎಲ್, 325ರಂಥವುಗಳಲ್ಲಿ ಭದ್ರತಾ ಲೋಪ ಸಿಕ್ಕಾಗ ಡಿ-ಲಿಂಕ್ ಪ್ಯಾಚ್ ಕೊಡಲಿಲ್ಲ, ಬಳಸೋದು ಬಿಟ್ಟು ಹೊಸದು ಹಾಕಿ ಅಂತು.

ನಮ್ಮ ಬಿಕಾಂ ಲೆಕ್ಕದಲ್ಲಿ ಡಬ್ಬದ ಬೆಲೆ ಸೊನ್ನೆ. ಒಳಗಿರೋ ಅಜ್ಜಿ ಫೋಟೋಗೆ ಎಷ್ಟು ಬರೀತೀರಾ? ಹೊಸದು ತರೋವರೆಗೆ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್, ಯುಪಿಎನ್‌ಪಿ ಎರಡೂ ಆಫ್ ಮಾಡಿ, ಮನೆಯೊಳಗಷ್ಟೇ ಬಳಸಿ.