ಎರಡು ಹೊರೆ ಹೊತ್ತ ಹುಡುಗಿ

(ವಿದ್ಯಾರ್ಥಿನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಇವತ್ತು ನಾವು ಮಾತಾಡಬೇಕು ಅಂದ್ಕೊಂಡಿರೋದು ಅಮೆರಿಕದ ಒಬ್ಬ ಕಪ್ಪು ಹುಡುಗಿಯ ಬಗ್ಗೆ. ನಮ್ಮ ಕೇರಿಯ ಗೋಳೇ ಬೆಟ್ಟದಷ್ಟಿರುವಾಗ ಅಮೆರಿಕದ ಕತೆ ಯಾಕೆ ಅಂತ ನೀವು ಕೇಳಬಹುದು. ಈ ನಂಟು ಇವತ್ತು ನಾವು ಕಟ್ಟಿದ್ದಲ್ಲ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಕಾಗದ ಬರೆದು, ಅಸ್ಪೃಶ್ಯರ ಸ್ಥಿತಿಗೂ ನೀಗ್ರೋಗಳ ಸ್ಥಿತಿಗೂ ಇರುವ ಹೋಲಿಕೆ ತಿಳಿಸಿದ್ದರು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ ಹುಡುಗರು ಸಂಘಟನೆಗೆ ಹೆಸರು ತಗೊಂಡದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ.

ಆ ಹುಡುಗಿಯೇ ಮಾಯಾ ಏಂಜೆಲೋ. ಹುಟ್ಟಿದ್ದು 1928ರಲ್ಲಿ, ತೀರಿಕೊಂಡದ್ದು 2014ರಲ್ಲಿ. ಪಂಜರದ ಹಕ್ಕಿ ಯಾಕೆ ಹಾಡುತ್ತದೆ ಅನ್ನೋದು ನನಗೆ ಗೊತ್ತು ಅನ್ನುವ ಅರ್ಥದ ಹೆಸರಿನಲ್ಲಿ 1969ರಲ್ಲಿ ಅವರ ಆತ್ಮಕತೆ ಬಂತು.

ಅಪ್ಪ ಅಮ್ಮ ಬೇರೆಯಾದಾಗ ಮೂರು ವರ್ಷದ ಈ ಮಗುವನ್ನೂ ಅಣ್ಣನನ್ನೂ, ಕೈಗೆ ವಿಳಾಸದ ಚೀಟಿ ಕಟ್ಟಿ, ರೈಲು ಹತ್ತಿಸಿ ಅರ್ಕನ್ಸಾಸ್ ರಾಜ್ಯದ ಸ್ಟ್ಯಾಂಪ್ಸ್ ಅನ್ನೋ ಊರಿಗೆ ಕಳಿಸಿದರು. ಅಲ್ಲಿ ಅಪ್ಪನ ತಾಯಿ ಅಂಗಡಿ ಇಟ್ಟಿದ್ದರು. ಹತ್ತಿ ಬಿಡಿಸುವ ಕೂಲಿಗಳು ಬೆಳಿಗ್ಗೆ ನಗುನಗುತ್ತಾ ಬರೋರು, ಸಂಜೆ ಸಾಲದ ಲೆಕ್ಕ ಹೊತ್ತು ಹೋಗೋರು. ಕಪ್ಪು ಜನರ ಕೇರಿ ಒಂದು ಕಡೆ, ಬಿಳಿಯರ ಊರು ಇನ್ನೊಂದು ಕಡೆ. ಅಮೆರಿಕದ ಸುಪ್ರೀಂ ಕೋರ್ಟೇ 1896ರಲ್ಲಿ ಈ ಬೇರ್ಪಡಿಕೆಗೆ ಮುದ್ರೆ ಒತ್ತಿತ್ತು. ಶಾಲೆಗಳ ಮಟ್ಟಿಗೆ ಅದು ತಪ್ಪು ಅಂತ ಹೇಳೋಕೆ 1954 ಆಗಬೇಕಾಯ್ತು.

ಬಿಳಿಯರಲ್ಲೇ ಬಡವರಾದವರ ಹುಡುಗಿಯರು ಅಂಗಡಿ ಮುಂದೆ ಬಂದು ಅಜ್ಜಿಯನ್ನ ಹೆಸರು ಹಿಡಿದು ಕೂಗಿ ಅಣಕಿಸಿದರು. ಅಜ್ಜಿ ಅಲ್ಲಾಡದೆ ದೇವರ ಹಾಡು ಗುನುಗುತ್ತಾ ನಿಂತರು. ಹೋಗುವಾಗ ಆ ಪೋರಿಯರನ್ನೇ 'ಮಿಸ್' ಅಂತ ಮರ್ಯಾದೆ ಕೊಟ್ಟು ಕಳಿಸಿದರು. ಇದನ್ನ ನಮಗೆ ಬಿಡಿಸಿ ಹೇಳಬೇಕಾ? ದೊಡ್ಡಮನೆಯ ಹತ್ತು ವರ್ಷದ ಹುಡುಗ 'ಲೇ' ಅಂದಾಗ ನಮ್ಮ ತಾತಂದಿರು 'ಸ್ವಾಮಿ' ಅಂದದ್ದನ್ನ ಕೇಳಿಸಿಕೊಂಡೇ ಬೆಳೆದವರು ನಾವು.

ಹತ್ತು ವರ್ಷಕ್ಕೆ ಈ ಹುಡುಗಿ ಬಿಳಿಯರ ಮನೆ ಚಾಕರಿಗೆ ಹೋದಳು. ಅವಳ ಹೆಸರು ಮಾರ್ಗರೀಟ್. ಅದು ಉದ್ದ ಆಯ್ತು ಅಂತ ಒಡತಿ 'ಮೇರಿ' ಅಂದಳು. ಹುಡುಗಿ ಜಗಳ ಆಡಲಿಲ್ಲ. ಒಡತಿಗೆ ಪ್ರಾಣವಾಗಿದ್ದ ಪಿಂಗಾಣಿ ಪಾತ್ರೆಗಳನ್ನ ಬೇಕಂತಲೇ ಕೈಜಾರಿಸಿ ಒಡೆದಳು. ಹೆಸರು ಕಿತ್ತುಕೊಂಡವರಿಗೆ ಮಗುವೊಂದು ಕೊಟ್ಟ ಉತ್ತರ ಅದು.

ಹಲ್ಲುನೋವು ಬಂದಾಗ ಬಿಳಿ ದಂತವೈದ್ಯ, ನೀಗ್ರೋ ಬಾಯಿಗಿಂತ ನಾಯಿ ಬಾಯಿಗೆ ಕೈ ಹಾಕಿಯೇನು ಅಂದ. ಕಷ್ಟಕಾಲದಲ್ಲಿ ಅವನಿಗೆ ಸಾಲ ಕೊಟ್ಟವರು ಇದೇ ಅಜ್ಜಿ! ದುಡ್ಡಿಗೆ ಮೈಲಿಗೆ ಇಲ್ಲ, ಬಾಯಿಗೆ ಮೈಲಿಗೆ. ಅಜ್ಜಿ ಆ ಹಳೆಯ ಸಾಲಕ್ಕೆ ಬಡ್ಡಿ ಅಂತ ಅವನಿಂದ ಹತ್ತು ಡಾಲರ್ ವಸೂಲಿ ಮಾಡಿ, ಕಪ್ಪು ವೈದ್ಯರಿರುವ ಇನ್ನೊಂದು ಊರಿಗೆ ಮೊಮ್ಮಗಳನ್ನ ಕರಕೊಂಡು ಹೋದರು.

ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದ್ದು 1940ರ ಶಾಲಾ ಸಮಾರಂಭ. ಮಕ್ಕಳು ಹೊಸ ಬಟ್ಟೆ ಹಾಕ್ಕೊಂಡು ಕೂತಿದ್ದಾರೆ. ಭಾಷಣಕ್ಕೆ ಬಂದ ಬಿಳಿಯ, ಬಿಳಿ ಮಕ್ಕಳ ಶಾಲೆಗೆ ಪ್ರಯೋಗಾಲಯದ ಹೊಸ ಸಾಮಾನು ಬರುತ್ತೆ ಅಂದ. ಕಪ್ಪು ಮಕ್ಕಳಿಗೆ? ಒಳ್ಳೆ ಆಟಗಾರರಾಗಿ ಅಂದ. ಅವರಿಗೆ ತಲೆ, ಇವರಿಗೆ ಬರೀ ಕೈಕಾಲು! ಆಮೇಲೆ ತರಗತಿಯ ಮೊದಲ ವಿದ್ಯಾರ್ಥಿ, ಕಪ್ಪು ಜನ ತಮ್ಮ ರಾಷ್ಟ್ರಗೀತೆ ಅನ್ನೋ ಹಾಡನ್ನ ಎತ್ತಿಕೊಂಡ. ಸಭೆಯೆಲ್ಲ ದನಿಗೂಡಿಸಿತು. ಬಗ್ಗಿದ ತಲೆಗಳು ಮತ್ತೆ ಎದ್ದವು.

ಗೆಳೆಯರೆ, ಇಲ್ಲಿವರೆಗೆ ಚಪ್ಪಾಳೆ ತಟ್ಟೋದು ಸುಲಭ. ಇನ್ನು ಮುಂದಿನದು ಕಷ್ಟ. ಎಂಟರ ವಯಸ್ಸಿನಲ್ಲಿ ಈ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದವನು ಬಿಳಿಯನಲ್ಲ. ಅವಳ ತಾಯಿಯ ಜೊತೆಗಿದ್ದ ಕಪ್ಪು ಗಂಡಸು. ಹುಡುಗಿ ಅವನ ಹೆಸರು ಹೇಳಿದಳು. ಕೋರ್ಟಾಯ್ತು, ಆಮೇಲೆ ಅವನ ಕೊಲೆಯಾಯ್ತು. ನನ್ನ ಮಾತೇ ಅವನನ್ನ ಕೊಂದಿತು ಅಂತ ನಂಬಿ ಮಗು ಹತ್ತಿರ ಹತ್ತಿರ ಐದು ವರ್ಷ ಬಾಯಿ ಮುಚ್ಚಿಕೊಂಡಿತು. ಊರಿನ ಕಪ್ಪು ಹೆಂಗಸೊಬ್ಬರು ಮನೆಗೆ ಕರೆದು, ಪುಸ್ತಕ ಕೊಟ್ಟು, ಗಟ್ಟಿಯಾಗಿ ಓದು ಅಂತ ಹುರಿದುಂಬಿಸಿದರು. ಆ ದಾರೀಲಿ ಮಾತು ಮರಳಿತು. ಮುಂದೆ ಯುದ್ಧದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಕಪ್ಪು ಹುಡುಗಿಯರನ್ನ ಸೇರಿಸಿಕೊಳ್ಳದ ಟ್ರ್ಯಾಮ್ ಕಚೇರಿ ಮುಂದೆ ವಾರಗಟ್ಟಲೆ ಕೂತು ಹದಿಹರೆಯದಲ್ಲೇ ಕಂಡಕ್ಟರ್ ಆದಳು.

ಬಿಳಿಯರು ನಗುವ ಹಾಗೆ ಮನೆಯ ಹುಣ್ಣನ್ನ ಯಾಕೆ ಬಿಚ್ಚಬೇಕಿತ್ತು? ಈ ಪ್ರಶ್ನೆ ನಮ್ಮಲ್ಲೂ ಇದೆ. ಊರಿನವರ ದೌರ್ಜನ್ಯಕ್ಕೆ ಘೋಷಣೆ ಕೂಗುವ ನಾವು, ಕೇರಿಯೊಳಗೆ ಕುಡಿದು ಹೆಂಡತಿಗೆ ಹೊಡೆಯುವವನನ್ನ ಕಂಡರೆ 'ಅದು ಅವರ ಮನೆ ವಿಚಾರ' ಅಂತೀವಿ. ನಾವು ಹಾಸ್ಟೆಲ್ಲಿನಲ್ಲಿ ಓದ್ತಾ ಇರೋವಾಗ ನಮ್ಮ ತಂಗಿ ಕೂಲಿಗೆ ಹೋಗ್ತಿದ್ದಾಳೆ. ಊರಿನ ಹೊರೆಯೂ ಅವಳ ತಲೆ ಮೇಲೆ, ಮನೆಯ ಹೊರೆಯೂ ಅವಳ ತಲೆ ಮೇಲೆ. ಮೇಲಿನದನ್ನ ಮಾತ್ರ ಇಳಿಸ್ತೀವಿ, ಕೆಳಗಿನದು ಇರಲಿ ಅಂದರೆ ಅದು ವಿಮೋಚನೆಯಲ್ಲ. ಹುಣ್ಣು ಮುಚ್ಚಿಟ್ಟರೆ ಮರ್ಯಾದೆ ಉಳಿಯೋದಿಲ್ಲ, ಕೀವು ತುಂಬುತ್ತೆ ಅಷ್ಟೆ.

ಆದ್ದರಿಂದ ಒಂದು ಕೆಲಸ ಹಮ್ಮಿಕೊಳ್ಳೋಣ. ರಜೆಗೆ ಊರಿಗೆ ಹೋದಾಗ ಅವ್ವನ ಹತ್ರ, ಅಕ್ಕ ತಂಗಿಯರ ಹತ್ರ ಕೂತು ಅವರ ಕತೆ ಕೇಳೋಣ. ನಡುವೆ ಬಾಯಿ ಹಾಕೋದು ಬೇಡ. ಅವರು ಒಪ್ಪಿದರೆ ಬರಕೊಳ್ಳೋಣ. ಬರೆಯಬಲ್ಲ ಗೆಳತಿಯರು ತಮ್ಮದನ್ನ ತಾವೇ ಬರೀಲಿ. ಮುಂದಿನ ಸಭೆಯಲ್ಲಿ ಅವರೇ ಮಾತಾಡಲಿ, ನಾವು ಕೆಳಗೆ ಕೂತು ಕೇಳೋಣ.