ಹಾಲಿನ ಕ್ಯಾನಿನ ತಾಳ, ನಮ್ಮ ಮಕ್ಕಳ ಪದ್ಯ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಲೀಟರು, ಫ್ಯಾಟು, ಬೋನಸ್ಸು, ಹಿಂಡಿಯ ರೇಟು, ಇವೆಲ್ಲ ಕಾರ್ಯದರ್ಶಿಯವರ ವರದಿಯಲ್ಲಿ ಬಂದಾಯಿತು. ನಮಗೆ ಕೊಟ್ಟ ವಿಷಯ 'ಸಂಘ ಮತ್ತು ಶಾಲೆ' ಎಂದು. ನಾವು ಕಲಿತದ್ದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ಆಮೇಲೆ ತೋಟ, ಹಟ್ಟಿ, ಈಗ ಈ ನಿರ್ದೇಶಕನ ಜವಾಬ್ದಾರಿ. ದೊಡ್ಡ ಭಾಷಣ ಮಾಡಲಿಕ್ಕೆ ನಮಗೆ ತಿಳಿಯದು. ನಮ್ಮ ಊರ ಶಾಲೆಯ ಮಕ್ಕಳು ತಾವೇ ಪದ್ಯ ಕಟ್ಟಿ, ತಾವೇ ಬಾರಿಸಿ, ತಾವೇ ಹಾಡಿದ ಒಂದು ಸಂಗತಿಯನ್ನು ಹೇಳುತ್ತೇವೆ. ಅದರಲ್ಲಿ ನಮ್ಮ ಒಂದು ತಪ್ಪು ಕೂಡ ಉಂಟು. ಅದನ್ನು ನಿಮ್ಮ ಎದುರೇ ಒಪ್ಪಿಕೊಳ್ಳುವುದು ನ್ಯಾಯ.

ಮೊದಲು ತಪ್ಪಿನಿಂದಲೇ ಶುರು ಮಾಡುವ. ನಮ್ಮ ಡಿಪೋಗೆ ದಿನಾ ಬೆಳಿಗ್ಗೆ ತಾಯಿಯ ಬದಲು ಹಾಲು ತರುತ್ತಿದ್ದ ಒಬ್ಬ ಹುಡುಗ ಇದ್ದ. ಆರನೇ ತರಗತಿ. ಮಾತು ಕಮ್ಮಿ. ಸಾಲಿನಲ್ಲಿ ನಿಂತಲ್ಲಿ ಕೈ ಸುಮ್ಮನೆ ಇರುತ್ತಿರಲಿಲ್ಲ. ಖಾಲಿ ಕ್ಯಾನಿನ ಮೇಲೆ ಬೆರಳಿನಿಂದ ಬಡಿಯುವುದು, ಮುಚ್ಚಳವನ್ನು ತಿರುಗಿಸಿ ಬಡಿಯುವುದು. ಒಂದು ದಿನ ಪರೀಕ್ಷೆ ಮಾಡುವವರಿಗೂ ಹಾಲು ಹಾಕುವವರಿಗೂ ಫ್ಯಾಟಿನ ವಿಷಯದಲ್ಲಿ ಚರ್ಚೆ ನಡೆಯುತ್ತಿತ್ತು. ನಮಗೆ ತಲೆ ಬಿಸಿ. ಅವನನ್ನು ನೋಡಿ, "ಇದೆಂತ ಬಯಲಾಟದ ರಂಗಸ್ಥಳವಾ? ಹಾಲು ಹಾಕಿ ನಡಿ" ಎಂದು ಎಲ್ಲರ ಎದುರು ಗದರಿಸಿಬಿಟ್ಟೆವು. ಎಲ್ಲರೂ ನಕ್ಕರು. ಮರುದಿನದಿಂದ ಹುಡುಗ ಬರಲಿಲ್ಲ. ತಾಯಿಯೇ ಹಾಲು ತಂದರು. ಬೀಡಿ ಕಟ್ಟುವ ಹೆಂಗಸು; ಬೆಳಿಗ್ಗೆಯ ಆ ಅರ್ಧ ಗಂಟೆ ಅವರಿಗೆ ಎಷ್ಟು ಬೆಲೆಯದ್ದು ಎಂದು ನಮಗೆ ಆಗ ಹೊಳೆಯಲಿಲ್ಲ.

ಅದೇ ವರ್ಷ ಶಾಲಾ ವಾರ್ಷಿಕೋತ್ಸವಕ್ಕೆ ಸಂಘದಿಂದ ಸ್ವಲ್ಪ ಧನಸಹಾಯ ಮಾಡುವುದೆಂದು ಠರಾವು ಆಗಿತ್ತು. ಶಾಲೆಯ ಸಭೆಗೆ ನಾವು ಹೋದೆವು. ನಮ್ಮ ಅಭಿಪ್ರಾಯ ಏನೆಂದರೆ, ಪೇಟೆಯಿಂದ ಡ್ಯಾನ್ಸ್ ಮಾಷ್ಟ್ರನ್ನು ಕರೆಸುವ, ಸಿನೆಮಾ ಹಾಡು ಹಾಕಿ ಕುಣಿಸುವ, ಜನ ಸೇರ್ತಾರೆ. ಆಗ ಒಬ್ಬರು ಟೀಚರ್ ಎದ್ದು ನಿಂತು, "ಒಂದು ಕಾರ್ಯಕ್ರಮ ಮಕ್ಕಳೇ ಕಟ್ಟಲಿ. ಪದ್ಯವೂ ಅವರದ್ದೇ, ವಾದ್ಯವೂ ಅವರದ್ದೇ" ಎಂದರು. ನಾವು ಕೇಳಿದೆವು: "ಟೀಚರೇ, ಮಕ್ಕಳಿಗೆ ರಾಗ ಗೊತ್ತುಂಟಾ, ತಾಳ ಗೊತ್ತುಂಟಾ? ಜನರ ಎದುರು ಮರ್ಯಾದೆ ಹೋಗ್ಲಿಕ್ಕಾ?" ಅವರು ಹೇಳಿದ್ದು ಇಷ್ಟೇ: "ಒಂದು ತಿಂಗಳು ಕೊಡಿ. ಮಧ್ಯೆ ಒಮ್ಮೆ ಬಂದು ನೋಡಿ."

ನೋಡಲಿಕ್ಕೆ ನಾವು ಒಮ್ಮೆಯಲ್ಲ, ನಾಲ್ಕು ಸಲ ಹೋದೆವು. ಮೊದಲ ಸಲ ಹೋದದ್ದು ತಪ್ಪು ಹುಡುಕಲಿಕ್ಕೆ.

ಟೀಚರ್ ಮಾಡಿದ ಕ್ರಮ ಬಹಳ ಸರಳ. ಪ್ರತಿಯೊಂದು ಮಗು ಮನೆಯಿಂದ ಒಂದು ಸದ್ದು ತರಬೇಕು. ಒಬ್ಬಳು ಬೀಡಿ ಎಲೆ ಕತ್ತರಿಸುವ ಕತ್ತರಿಯ ಕಿರ್ ಕಿರ್ ತಂದಳು. ಒಬ್ಬ ಅಡಿಕೆ ಹಾಳೆ ತಂದು ಅದರ ಮೇಲೆ ಬೆರಳಾಡಿಸಿ ಮಳೆ ಬರಿಸಿದ. ಒಬ್ಬ ಎರಡು ಗೆರಟೆ ತಂದ. ತೋಟದ ಸ್ಪ್ರಿಂಕ್ಲರ್ ತಿರುಗುವ ಚಿಕ್ ಚಿಕ್ ಸದ್ದನ್ನು ಒಬ್ಬ ಬಾಯಿಯಲ್ಲೇ ಮಾಡಿದ. ನಮ್ಮ ಮಾಣಿ ಜಂಕ್ಷನ್ನಿನ ಮಗುವಿಗೆ ಮತ್ತೆಂತ ಸಿಗಬೇಕು? ಒಂದು ದಾರಿ ಉಪ್ಪಿನಂಗಡಿಗೆ, ಒಂದು ಪುತ್ತೂರಿಗೆ. ಅವನು ಕಂಡಕ್ಟರನ ಸೀಟಿಯನ್ನೂ "ರೈಟ್ ಪೋಯಿ"ಯನ್ನೂ ತಂದ. ಒಬ್ಬಳ ಅಜ್ಜಿಗೆ ನೇಜಿ ನೆಡುವಾಗ ಹಾಡುವ ಓಬೇಲೆ ಬರುತ್ತಿತ್ತು. ಗದ್ದೆ ತೋಟವಾದ ಮೇಲೆ ಅಜ್ಜಿ ಹಾಡುವುದನ್ನು ಬಿಟ್ಟಿದ್ದರಂತೆ. ಮೊಮ್ಮಗಳು ಕೇಳಿದಳೆಂದು ಪುನಃ ಹಾಡಿದರು.

ಆಮೇಲೆ ಟೀಚರ್ ಐದು ಸ್ಟೀಲ್ ಲೋಟ ಇಟ್ಟು ನೀರು ಹೆಚ್ಚು ಕಮ್ಮಿ ಮಾಡಿ ಬಡಿದು ತೋರಿಸಿದರು. ನೀರು ಹೆಚ್ಚಾದಷ್ಟು ಸ್ವರ ತಗ್ಗುತ್ತದೆ, ಕಮ್ಮಿಯಾದಷ್ಟು ಏರುತ್ತದೆ. ಜಲತರಂಗ ಎಂಬ ವಾದ್ಯದ ಗುಟ್ಟು ಇದೇ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಸ್ವರ: "ಹಾಲು ಕರೆಯುವಾಗಲೂ ಹಾಗೆಯೇ ಟೀಚರ್. ಮೊದಲು ಟಿಣ್ ಟಿಣ್, ನೊರೆ ಬಂದ ಮೇಲೆ ಜುಸ್ ಜುಸ್." ಯಾರೆಂದು ನೋಡಿದರೆ ನಾವು ಗದರಿಸಿದ್ದ ಅದೇ ಹುಡುಗ. ಇಷ್ಟು ವರ್ಷ ಹಟ್ಟಿಯಲ್ಲಿ ಕುಳಿತವರು ನಾವು. ಆ ಸದ್ದು ನಮ್ಮ ಕಿವಿಗೂ ಬಿದ್ದಿದೆ. ಆದರೆ ನಾವು ಕೇಳಿರಲಿಲ್ಲ.

ಮಾತು ಕಟ್ಟುವುದು ಇನ್ನೂ ಕಷ್ಟವಾಯಿತು. ಮೊದಲು ಮಕ್ಕಳು ಪಾಠಪುಸ್ತಕದ ಹಾಗೆ ಸೂರ್ಯ ಮೂಡಿದನು, ಹಕ್ಕಿ ಕೂಗಿತು ಎಂದೆಲ್ಲ ಬರೆದರು. ಟೀಚರ್, "ಮನೆಯಲ್ಲಿ ಹೇಗೆ ಹೇಳ್ತೀರೋ ಹಾಗೆ ಬರೀರಿ" ಎಂದರು. ಆಗ ತುಳು ಬಂತು, ಬ್ಯಾರಿ ಬಂತು, ಕೊಂಕಣಿ ಬಂತು. ಹಾಲಿಗೆ ನಮ್ಮ ಊರಲ್ಲಿ ಎಷ್ಟು ಹೆಸರು ನೋಡಿ: ಪೇರ್, ಪಾಲ್, ದೂದ್, ಹಾಲು. ನಾಲ್ಕು ಮಾತು, ನಾಲ್ಕು ಪೆಟ್ಟು. ಅದೇ ಅವರ ಪದ್ಯದ ತಾಳವಾಯಿತು. ನಮ್ಮ ಡಿಪೋದಲ್ಲಿ ನಾಲ್ಕು ಭಾಷೆಯ ಹಾಲೂ ಒಂದೇ ಕ್ಯಾನಿಗೆ ಬೀಳುವುದಲ್ಲವೇ? ಲ್ಯಾಕ್ಟೋಮೀಟರಿಗೆ ಭಾಷೆ ಉಂಟಾ?

ಜಗಳವೂ ಆಗದೆ ಇಲ್ಲ. ಒಬ್ಬಳಿಗೆ ಭಜನೆಯ ಹಾಗೆ ನಿಧಾನ ಬೇಕು, ಒಬ್ಬನಿಗೆ ಚೆಂಡೆಯ ಹಾಗೆ ಜೋರು ಬೇಕು. ಎರಡು ದಿನ ಅವರಿಬ್ಬರೂ ಮಾತಾಡಲಿಲ್ಲ. ಟೀಚರ್ ತೀರ್ಪು ಕೊಡಲಿಲ್ಲ. ಎರಡೂ ರೀತಿ ಹಾಡಿಸಿ ಎಲ್ಲರಿಗೂ ಕೇಳಿಸಿದರು. ಕೊನೆಗೆ ಮಕ್ಕಳೇ ತೀರ್ಮಾನ ಮಾಡಿದ್ದು: ಬೆಳಿಗ್ಗೆಯ ಭಾಗ ನಿಧಾನ, ಬಸ್ಸು ಬಂದ ಮೇಲೆ ಜೋರು. ನಮ್ಮ ಆಡಳಿತ ಮಂಡಳಿಯ ಕೆಲವು ಸಭೆಗಳು ನೆನಪಾಗಿ ನಮಗೆ ನಗು ಬಂತು. ಸಣ್ಣ ಮಾತಿಗೆ ಆರು ತಿಂಗಳು ಮುಖ ತಿರುಗಿಸಿದವರು ನಾವಿದ್ದೇವೆ.

ವಾರ್ಷಿಕೋತ್ಸವದ ರಾತ್ರಿ ಬಂತು. ಪೇಟೆಯ ಮಾಷ್ಟ್ರು ಕಲಿಸಿದ ಡ್ಯಾನ್ಸೂ ಇತ್ತು, ಚಪ್ಪಾಳೆಯೂ ಬಿತ್ತು. ಅನಂತರ ಈ ಹದಿನೆಂಟು ಮಕ್ಕಳು ಹಾಳೆ, ಗೆರಟೆ, ಲೋಟ, ನಾವೇ ಡಿಪೋದಿಂದ ಕಳಿಸಿದ ಎರಡು ಹಳೆಯ ಕ್ಯಾನು ಹಿಡಿದುಕೊಂಡು ಬಂದರು. ಹಿಂದೆ ಕುಳಿತವರು ಸ್ವಲ್ಪ ನಕ್ಕರು. "ಬಲ ಪೆತ್ತ, ಬಲ ಕಂಜಿ" ಎಂದು ಹಸು ಕರುವನ್ನು ಕರೆಯುವಲ್ಲಿಂದ ಪದ್ಯ ಶುರು. ನಡುವೆ ಎರಡು ಸಾಲು ಬಂತು. ಮಕ್ಕಳೇ ಕಟ್ಟಿದ್ದು:

ಅಮ್ಮ ಕರೆದ ಹಾಲು, ಅಜ್ಜಿ ಕಟ್ಟಿದ ಬೀಡಿ
ನನ್ನ ಹೊಸ ಚೀಲ ಬಂತು ಎರಡೂ ಕೂಡಿ

ಹೆಂಗಸರ ಕಡೆ ಮಾತು ನಿಂತಿತು. ಅಷ್ಟು ಹೊತ್ತು ಮಾತಾಡುತ್ತಿದ್ದವರು ತಲೆ ಎತ್ತಿ ನೋಡಿದರು.

ಬಸ್ಸಿನ ಭಾಗಕ್ಕೆ ಬಂದಾಗ ಕ್ಯಾನಿನ ಹುಡುಗನಿಗೆ ತಾಳ ತಪ್ಪಿತು. ಅವನು ನಿಲ್ಲಿಸಿಬಿಟ್ಟ. ಎಲ್ಲವೂ ನಿಂತಿತು. ನಮ್ಮ ಎದೆ ಧಸಕ್ ಎಂದಿತು. ಹೋಯಿತು ಮರ್ಯಾದೆ ಎಂದುಕೊಂಡೆವು. ಆಗ ನಿಧಾನ ಬೇಕೆಂದು ಜಗಳ ಮಾಡಿದ್ದ ಆ ಹುಡುಗಿ ಲೋಟದ ಮೇಲೆ ಮೆಲ್ಲ ಟಿಣ್ ಟಿಣ್ ಶುರು ಮಾಡಿದಳು. ಪೇರ್, ಪಾಲ್, ದೂದ್, ಹಾಲು. ಹಾಳೆ ಸೇರಿತು, ಗೆರಟೆ ಸೇರಿತು, ಕೊನೆಗೆ ಅವನ ಕ್ಯಾನೂ ಸೇರಿತು. ಪದ್ಯ ಮುಗಿಯಿತು. ಚಪ್ಪಾಳೆ ಎಷ್ಟು ಬಿತ್ತೆಂದು ನಾವು ಲೆಕ್ಕ ಇಡಲಿಲ್ಲ.

ಆಮೇಲೆ ಆ ಹುಡುಗನ ಹತ್ತಿರ ಹೋಗಿ ಕೇಳಿದೆವು, "ತಪ್ಪಿದ ಮೇಲೆ ಹೇಗೆ ಹಿಡಿದಿ ಮಗಾ?" ಅವನು ಹೇಳಿದ: "ನಮ್ಮದೇ ಪದ್ಯ ಅಲ್ವಾ ಮಾಮ? ಎಲ್ಲಿ ಹಿಡೀಬೇಕು ಅಂತ ಗೊತ್ತುಂಟು." ಮರುದಿನ ನಾವು ಅವನ ಮನೆಗೆ ಹೋಗಿ, "ನಾವು ಅಂದು ಹಾಗೆ ಹೇಳಬಾರದಿತ್ತು" ಎಂದು ತಾಯಿಯ ಎದುರು ಹೇಳಿದೆವು. ಅವರು, "ಅದೆಲ್ಲ ಎಂತಕ್ಕಣ್ಣ, ಚಾ ಕುಡೀರಿ" ಎಂದರು. ಹುಡುಗ ಪುನಃ ಡಿಪೋಗೆ ಬಂದ.

ಇದು ನಮ್ಮ ಊರಿಗೆ ಹೊಸತು ಎಂದು ತಿಳಿಯಬೇಡಿ. ನಮ್ಮದೇ ಬಂಟ್ವಾಳ ತಾಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ 1929ರಲ್ಲಿ ಹುಟ್ಟಿದವರು ಬಿ.ವಿ. ಕಾರಂತರು. ಮೂರನೇ ತರಗತಿಯಲ್ಲಿ ಶಾಲೆಯ ನಾಟಕ 'ನನ್ನ ಗೋಪಾಲ'ದಲ್ಲಿ ಪಾತ್ರ ಮಾಡಿದ್ದು ಅವರ ಮೊದಲ ರಂಗಪ್ರವೇಶ. ಆ ಹುಚ್ಚು ಹಿಡಿದು ಹುಡುಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ಗುಬ್ಬಿ ವೀರಣ್ಣನವರೇ ಅವರನ್ನು ಕಾಶಿಗೆ ಓದಲು ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ಥಾನಿ ಸಂಗೀತ ಕಲಿತರು. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ನಾಟಕಕ್ಕೆ ಸಂಗೀತ ಮಾಡುವಾಗ ಅವರು ಹಾರ್ಮೋನಿಯಂ ಒಂದನ್ನೇ ನಂಬಿದವರಲ್ಲ; ಕಲ್ಲು, ಬಿದಿರು, ಕಾಗದ, ಪಾತ್ರೆ, ಸಿಕ್ಕಿದ್ದರಲ್ಲಿ ಸ್ವರ ಹುಡುಕಿದರು. ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಅವರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದರು. ಬಿ.ವಿ. ಕಾರಂತರು 2002ರಲ್ಲಿ ತೀರಿಕೊಂಡರು.

ಆಚೆ ಪುತ್ತೂರಿಗೆ ಹೋದರೆ ಇನ್ನೊಬ್ಬ ಕಾರಂತರು. ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳ ಕಲಿಕೆಗೆ ಆಟ, ಕುಣಿತ, ನಾಟಕವನ್ನು ಸೇರಿಸಿದವರು. ಅವರ 'ಚೋಮನ ದುಡಿ' ಪುಸ್ತಕ ಬಂದದ್ದು 1933ರಲ್ಲಿ. ಅದನ್ನು 1975ರಲ್ಲಿ ಸಿನೆಮಾ ಮಾಡಿದವರು ನಮ್ಮ ಮಂಚಿಯ ಕಾರಂತರೇ. ಬಡವ ಚೋಮನಿಗೆ ಸುಖಕ್ಕೂ ದುಡಿ, ದುಃಖಕ್ಕೂ ದುಡಿ. ಕ್ಯಾನು ಬಡಿಯುವ ಹುಡುಗನನ್ನು ಗದರಿಸಿದಾಗ ನಾವು ಇದನ್ನು ಮರೆತಿದ್ದೆವು.

ಅದೇ ಪುತ್ತೂರಿನಲ್ಲಿ 1909ರಲ್ಲಿ ಸಹಕಾರ ಸಂಘ ಕಟ್ಟಿದವರು ಮೊಳಹಳ್ಳಿ ಶಿವರಾಯರು. ನಮ್ಮ ಜಿಲ್ಲೆಯ ಸಹಕಾರಿ ಪಿತಾಮಹರೆಂದು ಅವರ ಭಾವಚಿತ್ರಕ್ಕೆ ನಾವು ಹೂವು ಹಾಕುತ್ತೇವೆ. ಸಾಲ, ಠೇವಣಿಗಳ ಜೊತೆಗೆ ಶಾಲೆಯೂ ಅವರ ಕೆಲಸವಾಗಿತ್ತು ಎಂಬುದನ್ನು ಹೂವು ಹಾಕುವಾಗ ನೆನೆಯಬೇಕು.

ಹಾಗಾದರೆ ಸಂಘ ಏನು ಮಾಡಬಹುದು? ನಮ್ಮದು ಮೂರು ಸಲಹೆ.

ಒಂದನೆಯದು, ಪ್ರತಿ ವರ್ಷ ಶಾಲೆಗೆ ನಾವು ಕೊಡುವ ಪ್ಲೇಟು, ಲೋಟದ ಬಹುಮಾನದ ಹಣದಲ್ಲಿ ಸ್ವಲ್ಪ ಉಳಿಸಿ ಶಾಲೆಗೇ ಒಂದು ಚೆಂಡೆ, ಒಂದು ಮದ್ದಲೆ, ನಾಲ್ಕು ಜೊತೆ ತಾಳ ತೆಗೆದುಕೊಡುವ. ಅದು ಕಪಾಟಿನಲ್ಲಿ ಬೀಗ ಹಾಕಿ ಇಡಲಿಕ್ಕಲ್ಲ, ಮಕ್ಕಳ ಕೈಗೆ. ಹರಿದರೆ ಹರಿಯಲಿ, ಪುನಃ ಕಟ್ಟಿಸುವ.

ಎರಡನೆಯದು, ಓಬೇಲೆ, ಪಾಡ್ದನ, ಜೋಗುಳ ಬರುವ ಅಜ್ಜಿಯಂದಿರು ನಮ್ಮ ಸದಸ್ಯರ ಮನೆಗಳಲ್ಲೇ ಇದ್ದಾರೆ. ತಿಂಗಳಿಗೊಂದು ಶನಿವಾರ ಅವರನ್ನು ಶಾಲೆಗೆ ಕರೆದುಕೊಂಡು ಹೋಗುವ ಏರ್ಪಾಡು ಸಂಘ ಮಾಡಲಿ. ರಿಕ್ಷಾ ಬಾಡಿಗೆ ದೊಡ್ಡ ಖರ್ಚಲ್ಲ. ಹೊಸತು ಕಟ್ಟಬೇಕಾದರೆ ಹಳೆಯದನ್ನು ಕೇಳಿರಬೇಕು.

ಮೂರನೆಯದು, ನಮ್ಮ ವಾರ್ಷಿಕ ಮಹಾಸಭೆಯಲ್ಲಿ ಹತ್ತು ನಿಮಿಷ ಮಕ್ಕಳಿಗೆ ಬಿಡುವ. ತಾವೇ ಕಟ್ಟಿದ್ದನ್ನು ಹಾಡಲಿ. ಅದಕ್ಕೆ ಪ್ರಥಮ, ದ್ವಿತೀಯ ಬೇಡ. ಪ್ರತಿಭಾ ಕಾರಂಜಿಯಲ್ಲಿ ಸ್ಪರ್ಧೆ ಉಂಟು, ಅದೂ ಬೇಕು. ಆದರೆ ಬಹುಮಾನಕ್ಕೆಂದು ಹಾಡುವವನು ತಪ್ಪಲಿಕ್ಕೆ ಹೆದರುತ್ತಾನೆ. ತಪ್ಪಲಿಕ್ಕೆ ಹೆದರಿದವನು ಹೊಸತು ಮಾಡುವುದಿಲ್ಲ.

"ಇದರಿಂದ ಹಾಲು ಹೆಚ್ಚಾಗ್ತದಾ?" ಎಂದು ನೀವು ಕೇಳಬಹುದು. ಲೀಟರು ಹೆಚ್ಚಾಗಲಿಕ್ಕಿಲ್ಲ. ಆದರೆ ನಮ್ಮ ಹಟ್ಟಿಗಳಲ್ಲಿ ಇಂದು ಹಾಲು ಕರೆಯುವವರ ವಯಸ್ಸು ಎಷ್ಟೆಂದು ಒಮ್ಮೆ ಸುತ್ತ ನೋಡಿ. ಮಕ್ಕಳಿಗೆ ಹಟ್ಟಿ ಎಂದರೆ ನಾಚಿಕೆ, ಬೀಡಿ ಎಂದರೆ ನಾಚಿಕೆ, ಮನೆಮಾತು ಎಂದರೆ ನಾಚಿಕೆ ಎಂದಾದರೆ, ಐವತ್ತನೇ ವರ್ಷದ ಹಬ್ಬಕ್ಕೆ ಈ ಸಭೆಯಲ್ಲಿ ಕುಳಿತುಕೊಳ್ಳಲು ಯಾರಿದ್ದಾರೆ? ಆ ಹದಿನೆಂಟು ಮಕ್ಕಳು ಊರ ಎದುರು ನಿಂತು, ನಮ್ಮ ಚೀಲ ಬಂದದ್ದು ಹಾಲಿನಿಂದ, ಬೀಡಿಯಿಂದ ಎಂದು ಹಾಡಿದರು. ಯಾರೂ ಹೇಳಿಕೊಟ್ಟದ್ದಲ್ಲ.

ಈಗಲೂ ಬೆಳಿಗ್ಗೆ ಸಾಲಿನಲ್ಲಿ ಮಕ್ಕಳು ಕ್ಯಾನು ಬಡಿಯುತ್ತಾರೆ. ಕಾರ್ಯದರ್ಶಿಯವರಿಗೆ ಲೆಕ್ಕ ತಪ್ಪುತ್ತದೆಂದು ದೂರು ಉಂಟು. ಸ್ವಲ್ಪ ಸಹಿಸಿಕೊಳ್ಳಿ ಎಂದು ಅವರಲ್ಲಿ ಸಭೆಯ ಎದುರೇ ಕೇಳಿಕೊಳ್ಳುತ್ತಾ, ನಮ್ಮ ಎರಡು ಮಾತು ಮುಗಿಸುತ್ತೇವೆ.