‘72 ಗಂಟೆಯಲ್ಲಿ ಪೇಪರ್ ಪಬ್ಲಿಷ್’: ಈ ಮೆಸೇಜ್ ನಿಮಗೂ ಬಂದಿದೆಯಾ?

ಎಂಎಸ್ಸಿ, ಎಂಕಾಂ, ಎಂಟೆಕ್ ಮಾಡ್ತಿರೋರು, ಪಿಎಚ್‌ಡಿಗೆ ಸೇರಿರೋರು, ಸೇರೋಣ ಅಂದ್ಕೊಂಡಿರೋರು, ಇವತ್ತಿನ ಮಾತು ಮುಖ್ಯವಾಗಿ ನಿಮಗೆ. ನಿಮ್ಮ ಮೇಲ್‌ಗೋ ವಾಟ್ಸಾಪ್‌ಗೋ ಇಂಥದ್ದೊಂದು ಮೆಸೇಜ್ ಬಂದೇ ಇರುತ್ತೆ: ಗೌರವಾನ್ವಿತ ಸಂಶೋಧಕರೇ, ನಿಮ್ಮ ಅಮೂಲ್ಯ ಪೇಪರ್ ಕಳಿಸಿ, ನಮ್ಮ ಇಂಟರ್‌ನ್ಯಾಷನಲ್ ಜರ್ನಲ್‌ನಲ್ಲಿ 72 ಗಂಟೆಯೊಳಗೆ ಪಬ್ಲಿಷ್ ಮಾಡ್ತೀವಿ, ಸರ್ಟಿಫಿಕೇಟ್ ಫ್ರೀ. ಇನ್ನೂ ಮೂರನೇ ಸೆಮಿಸ್ಟರ್ ಬ್ಯಾಕ್‌ಲಾಗ್ ಕಟ್ಟಿರದ ಹುಡುಗನನ್ನೂ ಇವರು ‘ಎಮಿನೆಂಟ್ ಸ್ಕಾಲರ್’ ಅಂತಾರೆ. ನಮ್ಮನೇಲೂ ಯಾರೂ ಅಷ್ಟು ಗೌರವ ಕೊಡಲ್ಲ.

ನಗು ಬರುತ್ತೆ, ನಿಜ. ಆದ್ರೆ ಪ್ರತಿವರ್ಷ ಎಷ್ಟೋ ಜನ ಈ ಲಿಂಕ್ ಒತ್ತಿ ದುಡ್ಡು ಕಟ್ತಾರೆ. ಸಂಶೋಧನಾ ಪತ್ರಿಕೆಗೆ ಬೆಲೆ ಬರೋದೇ ಪೀರ್ ರಿವ್ಯೂನಿಂದ. ಅಂದ್ರೆ ನೀವು ಬರೆದದ್ದನ್ನ ಅದೇ ವಿಷಯ ಬಲ್ಲ ಇಬ್ಬರು ಮೂವರು ಕೂತು ಓದಿ, ‘ಈ ಲೆಕ್ಕ ತಪ್ಪು, ಈ ಪ್ರಯೋಗ ಮತ್ತೆ ಮಾಡಿ’ ಅಂತ ಹೇಳಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕಾಗುತ್ತೆ. ಮೂರು ದಿನದಲ್ಲಿ ಒಪ್ಪಿಗೆ ಸಿಕ್ತು ಅಂದ್ರೆ ಅಲ್ಲಿ ಓದಿದವರು ಯಾರೂ ಇಲ್ಲ ಅಂತಲೇ ಅರ್ಥ.

ಇದನ್ನ ಒಬ್ಬರು ಪರೀಕ್ಷೆ ಮಾಡಿಯೇ ನೋಡಿದ್ರು. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಅನ್ನೋ ಪತ್ರಕರ್ತ ಬೇಕಂತಲೇ ತಪ್ಪು ತುಂಬಿದ ಒಂದು ಪೇಪರ್ ಬರೆದ್ರು. ಕಲ್ಲುಹೂವಿನಿಂದ ತೆಗೆದ ಯಾವುದೋ ಅಣು ಕ್ಯಾನ್ಸರ್ ಜೀವಕೋಶಗಳನ್ನ ತಡೆಯುತ್ತೆ ಅನ್ನೋದು ಅದರ ಸಾರ. ಬರೆದವನ ಹೆಸರೂ ಸುಳ್ಳು, ಅವನ ಸಂಸ್ಥೆಯೂ ಸುಳ್ಳು. ಪಿಯುಸಿ ಕೆಮಿಸ್ಟ್ರಿ ಗೊತ್ತಿದ್ದೋರಿಗೂ ಗ್ರಾಫ್ ನೋಡಿದ ತಕ್ಷಣ ಎಡವಟ್ಟು ಗೊತ್ತಾಗ್ಬೇಕು, ಹಾಗಿತ್ತು. ಅದನ್ನ 304 ಜರ್ನಲ್‌ಗೆ ಕಳಿಸಿದ್ರು. 157 ಒಪ್ಪಿಕೊಂಡ್ವು, ಬೇಡ ಅಂದಿದ್ದು 98. ನಮಗೆ ಚುಚ್ಚೋ ವಿಷಯ ಇನ್ನೊಂದಿದೆ: ಅವರು ಆರಿಸಿದ ಜರ್ನಲ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗದ ಬೇರು ಇದ್ದದ್ದು ಭಾರತದಲ್ಲಿ.

ಪಕ್ಕದ ಹೈದರಾಬಾದಿನ ಓಮಿಕ್ಸ್ ಹೆಸರು ಕೇಳಿರ್ಬಹುದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಕೇಸಿನಲ್ಲಿ ಅಲ್ಲಿನ ಕೋರ್ಟು 2019ರಲ್ಲಿ ಈ ಕಂಪನಿ 5 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಬೇಕು ಅಂತ ಆದೇಶ ಕೊಡ್ತು. ನಮ್ಮ ಲೆಕ್ಕದಲ್ಲಿ ಮುನ್ನೂರು ಕೋಟಿ ರೂಪಾಯಿ ಮೀರುತ್ತೆ. ದೂರಿನಲ್ಲಿದ್ದ ಮುಖ್ಯ ಅಂಶಗಳು ಏನು ಗೊತ್ತಾ? ಪೇಪರ್ ಒಪ್ಪಿಕೊಂಡ ಮೇಲಷ್ಟೇ ಫೀಸ್ ಎಷ್ಟು ಅಂತ ಹೇಳ್ತಾರೆ. ಬೇಡಪ್ಪಾ, ವಾಪಸ್ ಕೊಡಿ ಅಂದ್ರೆ ಬಿಡಲ್ಲ.

ಈ ಎರಡನೇ ಮಾತೇ ನನಗೆ ದೊಡ್ಡದು ಅನ್ಸುತ್ತೆ. ಯಾಕಂದ್ರೆ ದುಡ್ಡು ಹೋದ್ರೆ ಹೋಗ್ಲಿ, ಐದು ಸಾವಿರವೋ ಹತ್ತು ಸಾವಿರವೋ. ಆದ್ರೆ ಒಂದು ಪೇಪರನ್ನ ಎರಡು ಕಡೆ ಪ್ರಕಟಿಸೋ ಹಾಗಿಲ್ಲ, ಅದು ಈ ಕ್ಷೇತ್ರದ ಮೂಲ ನಿಯಮ. ನೀವು ನಾಲ್ಕು ವರ್ಷ ಹೊಲಗದ್ದೆ ಸುತ್ತಿಯೋ ಲ್ಯಾಬಿನಲ್ಲಿ ರಾತ್ರಿ ಕೂತೋ ತೆಗೆದ ನಿಜವಾದ ಡೇಟಾ ಒಮ್ಮೆ ಅಂಥ ಸೈಟಿನಲ್ಲಿ ಹತ್ತಿಬಿಟ್ರೆ, ಒಳ್ಳೆ ಜರ್ನಲ್ ಅದನ್ನ ಮುಟ್ಟಲ್ಲ. ಇವರು ತೆಗೀರಿ ಅಂದ್ರೆ ತೆಗೆಯಲ್ಲ, ಇಲ್ಲಾ ತೆಗೆಯೋದಕ್ಕೂ ಫೀಸ್ ಕೇಳ್ತಾರೆ. ಕೆಲಸ ನಿಮ್ಮದು, ಅದರ ಮೇಲೆ ಹಕ್ಕು ಅವರದ್ದು. ಕೆಟ್ಟ ಸಂಶೋಧನೆ ಮಾಡಿದವನಿಗೆ ಇದರಿಂದ ನಷ್ಟ ಏನಿಲ್ಲ. ನಷ್ಟ ಆಗೋದು ಒಳ್ಳೆ ಕೆಲಸ ಮಾಡಿ, ಆತುರಕ್ಕೆ ಬಿದ್ದವನಿಗೆ.

ಆತುರ ಯಾಕೆ ಅಂತ ನಾನು ಹೇಳಬೇಕಿಲ್ಲ. ಥೀಸಿಸ್ ಕೊಡಬೇಕಂದ್ರೆ ಒಂದಾದ್ರೂ ಪೇಪರ್ ಇರಲೇಬೇಕು ಅಂತ ಯುಜಿಸಿ ನಿಯಮ ಇತ್ತು. 2022ರ ನಿಯಮದಲ್ಲಿ ಅದನ್ನ ತೆಗೆದ್ರು. ಆದ್ರೆ ನೇಮಕಾತಿ, ಪ್ರಮೋಷನ್ ಅಂತ ಬಂದಾಗ ಪೇಪರ್ ಎಣಿಸೋ ಚಾಳಿ ಹೋಗಿಲ್ಲ. ತೂಗಿ ನೋಡೋದು ಕಷ್ಟ, ಎಣಿಸೋದು ಸುಲಭ.

ಇನ್ನು ಸರ್ಕಾರಿ ಪಟ್ಟಿಗಳ ಕತೆ. ಯುಜಿಸಿ 2017ರಲ್ಲಿ ‘ಅಪ್ರೂವ್ಡ್’ ಜರ್ನಲ್‌ಗಳ ಪಟ್ಟಿ ಹಾಕ್ತು. ಮರುವರ್ಷ ಪುಣೆಯ ಸಂಶೋಧಕರು ಅದರಲ್ಲಿ 1,009 ಜರ್ನಲ್‌ಗಳನ್ನ ಆರಿಸಿ ಪರೀಕ್ಷಿಸಿದ್ರು. ವರದಿ ಬಂದಿದ್ದು ನಮ್ಮ ಬೆಂಗಳೂರಿನಿಂದ ಹೊರಡೋ ‘ಕರೆಂಟ್ ಸೈನ್ಸ್’ನಲ್ಲಿ. ಯೂನಿವರ್ಸಿಟಿಗಳ ಶಿಫಾರಸಿನ ಮೇಲೆ ಸೇರಿದ್ದ, ಬೇರೆಲ್ಲೂ ಇಂಡೆಕ್ಸ್ ಆಗದ ಜರ್ನಲ್‌ಗಳಲ್ಲಿ ಶೇ 88ಕ್ಕೂ ಹೆಚ್ಚು ಕಳಪೆ ಇರಬಹುದು ಅಂತ ಅದರ ತೀರ್ಮಾನ. 2018ರ ಮೇನಲ್ಲಿ ಯುಜಿಸಿ ಒಂದೇ ಏಟಿಗೆ 4,305 ಜರ್ನಲ್‌ಗಳನ್ನ ಪಟ್ಟಿಯಿಂದ ಕಿತ್ತುಹಾಕ್ತು. ಆಮೇಲೆ ಬಂದಿದ್ದು ಯುಜಿಸಿ-ಕೇರ್ ಪಟ್ಟಿ. 2025ರ ಫೆಬ್ರವರಿಯಲ್ಲಿ ಅದೂ ನಿಂತುಹೋಯ್ತು. ಈಗ ಜರ್ನಲ್ ಒಳ್ಳೇದೋ ಕೆಟ್ಟದ್ದೋ ಅಂತ ಯೂನಿವರ್ಸಿಟಿಗಳೇ ತೀರ್ಮಾನಿಸಬೇಕಂತೆ. ಆ ಶೇ 88 ಶಿಫಾರಸು ಮಾಡಿದ್ದು ಯಾರು ಅಂತ ನೆನಪಿದೆ ಅಲ್ವಾ?

ಹಾಗಂತ ದೊಡ್ಡ ಹೆಸರಿದ್ರೆ ಸಾಕು ಅಂದ್ಕೋಬೇಡಿ. ಅಮೆರಿಕದ ವೈಲಿ ಕಂಪನಿ 2021ರಲ್ಲಿ ಹಿಂದಾವಿ ಅನ್ನೋ ಪ್ರಕಾಶನವನ್ನ ಕೊಂಡುಕೊಳ್ತು. 2023ರಲ್ಲಿ ಹಿಂದಾವಿ ಪ್ರಕಟಿಸಿದ್ದ ಎಂಟು ಸಾವಿರಕ್ಕೂ ಹೆಚ್ಚು ಪೇಪರ್‌ಗಳನ್ನ ಹಿಂದಕ್ಕೆ ಪಡೀಬೇಕಾಯ್ತು. ಕಾರಣ ಪೇಪರ್ ಮಿಲ್, ಅಂದ್ರೆ ದುಡ್ಡಿಗೆ ಪೇಪರ್ ಬರೆದುಕೊಡೋ ದಂಧೆ. ಕಾಪಿ ಸಾಫ್ಟ್‌ವೇರ್‌ಗೆ ಸಿಕ್ಕಿಬೀಳಬಾರದು ಅಂತ ಕದ್ದ ಮಾತುಗಳನ್ನ ಮಷೀನ್‌ಗೆ ಹಾಕಿ ತಿರುಚೋದು ಇಂಥವರ ಒಂದು ಉಪಾಯ. ‘ಬ್ರೆಸ್ಟ್ ಕ್ಯಾನ್ಸರ್’ ಹೋಗಿ ‘ಬುಝಮ್ ಪೆರಿಲ್’ ಆಗಿತ್ತು, ಎದೆಯ ಗಂಡಾಂತರ! ‘ಬಿಗ್ ಡೇಟಾ’ ಹೋಗಿ ‘ಕಲಾಸಲ್ ಇನ್ಫರ್ಮೇಷನ್’. 2021ರಲ್ಲಿ ಗಿಯೋಮ್ ಕಬನಾಕ್ ಮತ್ತು ಜೊತೆಗಾರರು ಇಂಥ ವಿಚಿತ್ರ ಪದಗಳನ್ನೇ ಹಿಡಿದು ಕಳ್ಳರ ಜಾಡು ಹಿಡಿದ್ರು. ನಮಗೆ ನಗು, ಆದ್ರೆ ನಾಳೆ ಯಾರೋ ಡಾಕ್ಟರು ಆ ಪೇಪರ್ ನಂಬಿದ್ರೆ?

ದುಡ್ಡು ಕೇಳಿದ ಮಾತ್ರಕ್ಕೂ ಜರ್ನಲ್ ಕೆಟ್ಟದ್ದಲ್ಲ. ‘ನೇಚರ್’ ತನ್ನ ಓಪನ್ ಆಕ್ಸೆಸ್‌ಗೆ 2020ರಲ್ಲಿ ಘೋಷಿಸಿದ ಫೀಸ್ 9,500 ಯೂರೋ, ಎಂಟು ಲಕ್ಷ ರೂಪಾಯಿಗೂ ಹೆಚ್ಚು. ಅದು ನ್ಯಾಯವೋ ಅನ್ನೋದಕ್ಕೆ ಇನ್ನೊಂದು ಎಪಿಸೋಡ್ ಬೇಕು. ಆದ್ರೆ ಅವರು ರೇಟ್ ಮೊದಲೇ ಹೇಳ್ತಾರೆ.

ಹಾಗಾದ್ರೆ ನಾವೇನು ನೋಡಬೇಕು? ಐಎಸ್‌ಎಸ್‌ಎನ್ ನಂಬರ್ ನೋಡಿ ಮರುಳಾಗಬೇಡಿ. ಅದು ಗಾಡಿಯ ನಂಬರ್ ಪ್ಲೇಟ್ ಇದ್ದಹಾಗೆ, ಡ್ರೈವರ್‌ಗೆ ಲೈಸೆನ್ಸ್ ಇದೆ ಅಂತ ಅದು ಹೇಳಲ್ಲ. ಸಂಪಾದಕ ಮಂಡಳಿಯಲ್ಲಿ ಇರೋ ಇಬ್ಬರಿಗೆ ಅವರ ಕಾಲೇಜಿನ ವಿಳಾಸಕ್ಕೆ ಮೇಲ್ ಹಾಕಿ, ‘ನೀವು ನಿಜಕ್ಕೂ ಇದರಲ್ಲಿದ್ದೀರಾ ಸರ್’ ಅಂತ ಕೇಳಿ. ಎಷ್ಟೋ ಸಲ ಅವರಿಗೇ ಗೊತ್ತಿರಲ್ಲ. ಜರ್ನಲ್ ತಾನು ಕೋಪ್ ಸದಸ್ಯ ಅಂದ್ರೆ, ಅಂದ್ರೆ ಪ್ರಕಟಣೆಯ ನೀತಿ ನೋಡಿಕೊಳ್ಳೋಕೆ 1997ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಸಮಿತಿ, ಆ ಸಮಿತಿಯ ಸೈಟಿನಲ್ಲೇ ಹುಡುಕಿ, ಜರ್ನಲ್‌ನ ಸೈಟಿನಲ್ಲಿ ಅಲ್ಲ. ಎಲ್ಲಕ್ಕಿಂತ ಮುಂಚೆ ಅದರ ಹಿಂದಿನ ಎರಡು ಸಂಚಿಕೆ ತೆಗೆದು ಓದಿ. ಕನ್ನಡ ಸಾಹಿತ್ಯ, ಮೀನು ಸಾಕಣೆ, ಬ್ಲಾಕ್‌ಚೈನ್ ಎಲ್ಲಾ ಒಂದೇ ಸಂಚಿಕೆಯಲ್ಲಿದ್ರೆ ವಾಪಸ್ ಬನ್ನಿ.

ಈಗಾಗ್ಲೇ ಪೇಪರ್ ಕಳಿಸಿಬಿಟ್ಟಿದ್ರೆ ದುಡ್ಡು ಕಟ್ಟಬೇಡಿ, ಕಾಪಿರೈಟ್ ಫಾರಂಗೆ ಸಹಿ ಹಾಕಬೇಡಿ. ‘ನಾನು ಇದನ್ನ ಹಿಂಪಡೆಯುತ್ತಿದ್ದೇನೆ’ ಅಂತ ಇವತ್ತೇ ಮೇಲ್ ಹಾಕಿ, ಅದರ ಪ್ರತಿ ಇಟ್ಕೊಳ್ಳಿ, ಗೈಡ್‌ಗೂ ತಿಳಿಸಿ. ಬೈತಾರೆ, ಬೈಸ್ಕೊಳ್ಳಿ. ವೈವಾದಲ್ಲಿ ಬೈಸ್ಕೊಳ್ಳೋದಕ್ಕಿಂತ ಅದು ಕಡಿಮೆ.